"ಹೊಟ್ಟಿ ಸಾಫ್ ಆಗೋದು ಏನರ ಕೊಡ್ರಿ": ದೊಡ್ಡ ಕರುಳಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ನನ್ನದು ಔಷಧ ಅಂಗಡಿ. ಇಪ್ಪತ್ತೆರಡು ವರ್ಷವಾಯಿತು. ಜನ "ಡಾಕ್ಟ್ರ" ಅಂತಲೇ ಕರೆಯುತ್ತಾರೆ, ಆದರೆ ನಾನು ಡಾಕ್ಟರ್ ಅಲ್ಲ, ಡಿ.ಫಾರ್ಮಾ ಓದಿದವನು. ತಲೆನೋವಿನ ಗುಳಿಗೆ ಬಿಟ್ಟರೆ ನನ್ನ ಕೌಂಟರಿನಲ್ಲಿ ಜಾಸ್ತಿ ಕೇಳುವುದು ಹೊಟ್ಟೆ ಸಾಫ್ ಆಗುವ ಔಷಧವನ್ನೇ. ಕೇಳುವವರು ಬೇರೆ ಗಿರಾಕಿ ಹೋಗುವ ತನಕ ಕಾಯುತ್ತಾರೆ. ಆಮೇಲೆ ಅತ್ತಿತ್ತ ನೋಡಿ ದನಿ ಇಳಿಸುತ್ತಾರೆ. ಹಾಗೆ ಪಿಸುಮಾತಿನಲ್ಲಿ ಬಂದ ಪ್ರಶ್ನೆಗಳನ್ನು ಇಲ್ಲಿ ಗಟ್ಟಿ ದನಿಯಲ್ಲಿ ಬರೆದಿದ್ದೇನೆ.

ದೊಡ್ಡ ಕರುಳು ಎಲ್ಲಿರುತ್ತದೆ? ಎಷ್ಟು ಉದ್ದ?

ಹೊಟ್ಟೆಯ ಬಲಗಡೆ ಕೆಳಗೆ, ಸೊಂಟದ ಎಲುಬಿನ ಹತ್ತಿರ ಕೈ ಇಟ್ಟು ನೋಡಿ. ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಕೂಡುವುದು ಅಲ್ಲಿ. ಅಪೆಂಡಿಕ್ಸ್ ಎಂಬ ಸಣ್ಣ ಬಾಲದಂಥ ಕೊಳವೆ ಜೋತುಬಿದ್ದಿರುವುದೂ ಅಲ್ಲೇ. ಅಲ್ಲಿಂದ ದೊಡ್ಡ ಕರುಳು ಬಲಗಡೆಯೇ ಮೇಲೆ ಹತ್ತುತ್ತದೆ. ಲಿವರ್ ಕೆಳಗೆ ತಿರುಗಿ ಹೊಟ್ಟೆಯನ್ನು ಅಡ್ಡ ದಾಟುತ್ತದೆ. ಎಡಗಡೆ ಇಳಿದು, ಕೊನೆಗೊಂದು ಡೊಂಕು ತಿರುವು ತಗೊಂಡು ಗುದನಾಳ ಸೇರುತ್ತದೆ. ಅಂಗಳದ ಸುತ್ತ ಕಟ್ಟಿದ ಪಡಸಾಲೆಯ ಹಾಗೆ. ಅಂಗಳದಲ್ಲಿ ಸಣ್ಣ ಕರುಳು ಸುರುಳಿ ಸುತ್ತಿ ಕೂತಿರುತ್ತದೆ.

ಉದ್ದ ಸುಮಾರು ಒಂದೂವರೆ ಮೀಟರ್, ಅಂದರೆ 5 ಅಡಿ. ಸಣ್ಣ ಕರುಳು ಸುಮಾರು 6 ಮೀಟರ್. ಹಾಗಾದರೆ ಇದಕ್ಕೆ ದೊಡ್ಡದು ಅನ್ನುವ ಹೆಸರು ಯಾಕೆ ಬಂತು ಅಂದರೆ, ಅಗಲದಲ್ಲಿ ಇದು ದೊಡ್ಡದು.

ಅದು ಮಾಡುವ ಕೆಲಸ ಏನು? ಬರೀ ಕಸದ ತೊಟ್ಟಿ ಅಲ್ವಾ?

ಈ ಒಂದು ತಪ್ಪು ತಿಳಿವಳಿಕೆಯಿಂದಲೇ ನನ್ನಂಥ ಅಂಗಡಿಗಳಲ್ಲಿ ಜುಲಾಬಿನ ವ್ಯಾಪಾರ ನಡೆಯುತ್ತದೆ.

ನೀವು ಕುಡಿದ ನೀರು, ಬಾಯಿಯ ಜೊಲ್ಲು, ಜಠರದ ರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಅದರಲ್ಲಿ ಏಳೂವರೆ ಲೀಟರ್ ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ಬಂದು ಮುಟ್ಟುವುದು ಒಂದೂವರೆ ಲೀಟರ್ ಮಾತ್ರ. ನಮ್ಮ ಕಡೆ ಕಾಲುವೆಯ ಟೇಲ್ ಎಂಡಿನಲ್ಲಿ ಹೊಲ ಇರುವ ರೈತನನ್ನು ನೆನೆಸಿಕೊಳ್ಳಿ. ಮೇಲಿನವರು ಬಿಟ್ಟದ್ದು ಅವನಿಗೆ. ಬಂದಷ್ಟನ್ನು ಒಂದು ಹನಿ ಪೋಲು ಮಾಡದೆ ಉಣಿಸುತ್ತಾನೆ. ದೊಡ್ಡ ಕರುಳೂ ಹಾಗೆಯೇ. ಆ ಒಂದೂವರೆ ಲೀಟರಿನ ಬಹುಪಾಲನ್ನು ಉಪ್ಪಿನ ಅಂಶದ ಜೊತೆ ರಕ್ತಕ್ಕೆ ವಾಪಸ್ ಕಳಿಸುತ್ತದೆ. ಮಲದ ಜೊತೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಅಷ್ಟೇ. ಬಂದ ಅಂಬಲಿಯಂಥ ದ್ರವ ಗಟ್ಟಿ ಉಂಡೆಯಾಗುವುದು ಹೀಗೆ.

ಇನ್ನೊಂದು ಕೆಲಸ ನನಗೆ ಇದಕ್ಕಿಂತ ಬೆರಗು ಹುಟ್ಟಿಸುತ್ತದೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ಲೆಕ್ಕ ಹಾಕಿದರು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಮೊಸರಿಗೆ ಹೆಪ್ಪು ಹಾಕಿದಾಗ ಪಾತ್ರೆಯಲ್ಲಿ ನಡೆಯುವಂಥ ಕೆಲಸ ಅಲ್ಲಿ ಹಗಲು ರಾತ್ರಿ ನಡೆಯುತ್ತದೆ. ರೊಟ್ಟಿ, ಕಾಳು, ಪಲ್ಲೆಯ ನಾರು ನಮ್ಮ ಜಠರಕ್ಕೆ ಕರಗುವುದಿಲ್ಲ. ಅದು ಕೆಳಗಿಳಿದು ಈ ಬ್ಯಾಕ್ಟೀರಿಯಾಗಳ ಊಟವಾಗುತ್ತದೆ. ಉಂಡು ಅವು ಬ್ಯುಟಿರೇಟ್ ಎಂಬ ಕೊಬ್ಬಿನ ಆಮ್ಲ ಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಅದರಿಂದಲೇ ಸಿಗುತ್ತದೆ. ಅಂದರೆ ನೀವು ತಿಂದ ನಾರಿನಿಂದ ಕರುಳು ತನ್ನ ಹೊಟ್ಟೆ ಹೊರೆಯುತ್ತದೆ. ಒಂದಷ್ಟು ಕೆ ವಿಟಮಿನ್ ಕೂಡ ಅಲ್ಲಿ ತಯಾರಾಗುತ್ತದೆ.

ಮಲ ಅಂದರೆ ಬರೀ ತಿಂದ ಅನ್ನದ ಕಸ ಅಂದುಕೊಂಡಿರುತ್ತೇವೆ. ಅದರ ಮುಕ್ಕಾಲು ಪಾಲು ನೀರು. ಉಳಿದ ಗಟ್ಟಿ ಭಾಗದಲ್ಲಿ ದೊಡ್ಡ ಪಾಲು ಈ ಬ್ಯಾಕ್ಟೀರಿಯಾಗಳೇ. ಎರಡು ದಿನ ಉಪವಾಸ ಇದ್ದವರಿಗೂ ಸಂಡಾಸ ಬರುವುದು ಅದಕ್ಕೇ.

ಇವತ್ತು ತಿಂದ ರೊಟ್ಟಿ ಯಾವಾಗ ಹೊರಗೆ ಬರುತ್ತದೆ?

ಜಠರ ಮತ್ತು ಸಣ್ಣ ಕರುಳನ್ನು ಐದಾರು ತಾಸಿನಿಂದ ಹತ್ತು ತಾಸಿನೊಳಗೆ ದಾಟುತ್ತದೆ. ದೊಡ್ಡ ಕರುಳಿನಲ್ಲಿ ಮಾತ್ರ ಸಾವಕಾಶ. ಒಂದು ದಿನ, ಒಂದೂವರೆ ದಿನ, ಕೆಲವರಿಗೆ ಮೂರು ದಿನವೂ ಹಿಡಿಯುತ್ತದೆ. ನಿಮ್ಮದೇ ಲೆಕ್ಕ ತಿಳಿಯಬೇಕಾ? ಒಂದು ದಿನ ಸುಟ್ಟ ಗೋವಿನಜೋಳದ ತೆನೆ ತಿಂದು ಗಡಿಯಾರ ನೋಡಿ ಇಟ್ಟುಕೊಳ್ಳಿ. ಅದರ ಸಿಪ್ಪೆ ಕರಗುವುದಿಲ್ಲ, ಹೊರಗೆ ಬಂದಾಗ ಗುರುತು ಸಿಗುತ್ತದೆ. ಇದನ್ನು ನನ್ನ ಮಗಳು ವಿಜ್ಞಾನದ ಪ್ರಯೋಗ ಅಂತ ಮಾಡಿ ಮನೆಯವರಿಂದ ಬೈಸಿಕೊಂಡಿದ್ದಾಳೆ.

ದಿನಾ ಬೆಳಿಗ್ಗೆ ಆಗಲೇಬೇಕಾ?

ಬೇಕಾಗಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ. ತ್ರಾಸು ಇಲ್ಲದೆ, ತಿಣುಕದೆ ಆಗಬೇಕು, ಅಷ್ಟೇ. ನಿಮ್ಮ ರೂಢಿ ಎರಡು ದಿನಕ್ಕೊಮ್ಮೆ ಇದ್ದರೆ ಅದೇ ನಿಮ್ಮ ಲೆಕ್ಕ. ಆ ರೂಢಿ ಇದ್ದಕ್ಕಿದ್ದಂತೆ ಬದಲಾಗಿ ಮೂರ್ನಾಲ್ಕು ವಾರ ಹಾಗೇ ಉಳಿದರೆ ಆಗ ಡಾಕ್ಟರ ಹತ್ತಿರ ಹೋಗಿ.

ಎಷ್ಟು ಸಲ ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಜಾಸ್ತಿ ಹೇಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವೈದ್ಯರು ಮಾಡಿದ ಒಂದು ಪಟ್ಟಿ 1997ರಲ್ಲಿ ಅಚ್ಚಾಯಿತು. ಮಲವನ್ನು ಏಳು ಬಗೆ ಮಾಡಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದನೆಯದು ಆಡಿನ ಹಿಕ್ಕೆ. ಏಳನೆಯದು ಬರೀ ನೀರು. ನಡುವಿನ ಮೂರು, ನಾಲ್ಕನೆಯದು ಬಾಳೆಹಣ್ಣಿನ ಹಾಗೆ ಮೆತ್ತಗೆ, ಒಂದೇ ತುಂಡು. ಅದು ಬಂದರೆ ನನ್ನ ಅಂಗಡಿಗೆ ಬರುವ ಕೆಲಸವಿಲ್ಲ. ಹಿಕ್ಕೆಯಂತೆ ಬಂದರೆ ಅದು ಕರುಳಿನಲ್ಲಿ ಬಹಳ ಹೊತ್ತು ಕೂತು ಒಣಗಿದೆ ಅಂತ ಅರ್ಥ.

ಚಹಾ ಕುಡಿದ ಕೂಡಲೇ ಬರುತ್ತದೆ. ಚಹಾ ಇಲ್ಲದಿದ್ದರೆ ಇಲ್ಲ. ಇದು ಚಟವಾ?

ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ಜಠರ ಹಿಗ್ಗುತ್ತದೆ. "ಮೇಲಿಂದ ಹೊಸ ಮಾಲು ಬಂತು, ಜಾಗ ಮಾಡು" ಅಂತ ದೊಡ್ಡ ಕರುಳಿಗೆ ಸುದ್ದಿ ಹೋಗುತ್ತದೆ. ಆಗ ಅದು ಉದ್ದಕ್ಕೂ ಒಮ್ಮೆ ಬಲವಾಗಿ ಹಿಂಡುತ್ತದೆ. ಇಂಥ ದೊಡ್ಡ ಹಿಂಡುವಿಕೆ ದಿನಕ್ಕೆ ಕೆಲವೇ ಸಲ. ರಾತ್ರಿ ಕರುಳು ಬಹುತೇಕ ಸುಮ್ಮನಿರುತ್ತದೆ, ಎದ್ದ ಮೇಲೆ ಚುರುಕಾಗುತ್ತದೆ. ಹಾಗಾಗಿ ಬೆಳಗಿನ ಚಹಾ, ಬಿಸಿನೀರು, ನಾಷ್ಟಾ ಯಾವುದಾದರೂ ಆದೀತು. ಕಾಫಿಗೆ ಇದರ ಮೇಲೂ ಸ್ವಲ್ಪ ಜೋರು ಇದೆ. ಕೂಸುಗಳು ಹಾಲು ಕುಡಿದ ಕೂಡಲೇ ಲಂಗೋಟಿ ತೋಯಿಸುವುದೂ ಇದರಿಂದಲೇ.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಹಲ್ಲಿಗೆ ಮಿಸ್ರಿ ತಿಕ್ಕುತ್ತಾರೆ. ಸುಟ್ಟ ತಂಬಾಕಿನ ಪುಡಿ. "ಅದಿಲ್ದ ಹೊಟ್ಟಿ ಸಾಫ್ ಆಗಂಗಿಲ್ಲೋ ತಮ್ಮಾ" ಅಂತ ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ, ನಿಕೋಟಿನ್ ಕರುಳನ್ನು ಕೆಣಕುತ್ತದೆ. ಆದರೆ ಆ ಎರಡು ನಿಮಿಷದ ಅನುಕೂಲಕ್ಕೆ ಬಾಯಿ ಕ್ಯಾನ್ಸರಿನ ಅಪಾಯ ಹೊತ್ತುಕೊಳ್ಳುವುದು ಬಹಳ ತುಟ್ಟಿ ವ್ಯವಹಾರ. ಒಂದು ಲೋಟ ಬಿಸಿನೀರು ಕುಡಿದು, ಚಹಾ ಕುಡಿದು, ಅದೇ ಹೊತ್ತಿಗೆ ಹತ್ತು ನಿಮಿಷ ಹೋಗಿ ಕೂರಿ. ಎರಡು ಮೂರು ವಾರದಲ್ಲಿ ಕರುಳು ಆ ಹೊತ್ತನ್ನು ರೂಢಿ ಮಾಡಿಕೊಳ್ಳುತ್ತದೆ. ಮಿಸ್ರಿ ಬಿಡಿಸುವುದು ಮಾತ್ರ ಸುಲಭವಲ್ಲ. ನನ್ನ ಮಾತಿಗೆ ಬಿಟ್ಟವರು ಬೆರಳೆಣಿಕೆಯಷ್ಟು.

ಕರುಳಿನ ಗೋಡೆಗೆ ವರ್ಷಗಟ್ಟಲೆ ಹಳೆ ಮಲ ಅಂಟಿರುತ್ತದಂತೆ, ಹೌದಾ?

ಇಲ್ಲ. ಮೊಬೈಲಿನಲ್ಲಿ ಬರುವ ವಿಡಿಯೊ ತೋರಿಸಿ ಕೇಳುತ್ತಾರೆ. ಕರುಳಿನ ಒಳಗೆ ಲೋಳೆಯ ಪದರ ಇರುತ್ತದೆ, ಅದಕ್ಕೆ ಯಾವುದೂ ಅಂಟುವುದಿಲ್ಲ. ಒಳಪದರದ ಜೀವಕೋಶಗಳೇ ನಾಲ್ಕೈದು ದಿನಕ್ಕೆ ಉದುರಿ ಹೊಸವು ಬರುತ್ತವೆ. ಗೋಡೆಯೇ ವಾರದೊಳಗೆ ಹೊಸದಾಗುವಾಗ ಅದರ ಮೇಲೆ ವರ್ಷದ ಹಳೆಯ ಹೊಲಸು ನಿಲ್ಲುವುದಾದರೂ ಹೇಗೆ?

ಡಿಟಾಕ್ಸ್ ಅಂತ ಕರುಳು ತೊಳೆಸಿಕೊಳ್ಳುವುದಕ್ಕೆ ದುಡ್ಡು ಕೊಡಬೇಡಿ. ಅದರಿಂದ ಒಳ್ಳೆಯದಾದ ಪುರಾವೆ ಇಲ್ಲ. ಉಪ್ಪಿನ ಅಂಶ ಏರುಪೇರಾಗುವುದು, ಕರುಳಿಗೆ ತೂತು ಬೀಳುವುದು, ಇವು ಆದದ್ದಿದೆ.

ಔಡಲೆಣ್ಣೆ (ಹರಳೆಣ್ಣೆ), ಸೋನಾಮುಖಿ ಗಿಡಮೂಲಿಕೆ ತಾನೇ? ತಗೊಂಡರೆ ಏನಾಗುತ್ತದೆ?

ನಮ್ಮ ಅಜ್ಜಿ ತಿಂಗಳಿಗೊಮ್ಮೆ ಅಮಾವಾಸ್ಯೆ ಆದ ಮರುದಿನ ಮನೆಯ ಹುಡುಗರನ್ನೆಲ್ಲ ಸಾಲಾಗಿ ಕೂರಿಸಿ ಔಡಲೆಣ್ಣೆ ಕುಡಿಸುತ್ತಿದ್ದಳು. ಮೂಗು ಹಿಡಿದು, ಮೇಲೊಂದು ಬೆಲ್ಲದ ಹರಳು ಇಟ್ಟು. ಅಂದಿನ ದಿನಕ್ಕೆ ಅದರಲ್ಲಿ ಅಕ್ಕರೆ ಇತ್ತು. ಆದರೆ ಔಡಲೆಣ್ಣೆ ಕರುಳನ್ನು ಹೊಡೆದೆಬ್ಬಿಸಿ ಓಡಿಸುವ ಔಷಧ. ಬಸುರಿಯರು ಮುಟ್ಟಲೇಬಾರದು.

ಸೋನಾಮುಖಿಯ ವಿಷಯ ಇನ್ನೂ ಮಜಾ. ಎಲೆಯಲ್ಲಿರುವ ಔಷಧ ಹೊಟ್ಟೆಯಲ್ಲಿ ಸುಮ್ನೆ ಇರುತ್ತದೆ. ದೊಡ್ಡ ಕರುಳಿಗೆ ಬಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬಿಚ್ಚುತ್ತವೆ. ಆಗ ಅದು ಕೆಲಸ ಮಾಡುತ್ತದೆ. ರಾತ್ರಿ ತಗೊಂಡರೆ ಬೆಳಿಗ್ಗೆ ಆಗುವುದು ಅದಕ್ಕೆ. ನಾಲ್ಕು ದಿನಕ್ಕೆ ಒಳ್ಳೆಯ ಔಷಧವೇ. ನಾಲ್ಕು ವರ್ಷ ನಿಮ್ಮಷ್ಟಕ್ಕೆ ನೀವೇ ತಗೊಂಡರೆ ಕರುಳಿನ ಒಳಪದರ ಕಪ್ಪಾಗುತ್ತದೆ, ಪೊಟ್ಯಾಸಿಯಂ ಕಡಿಮೆಯಾಗಿ ಕೈಕಾಲು ಸೋಲುತ್ತವೆ. "ಆಯುರ್ವೇದ ಚೂರ್ಣ" ಅಂತ ಡಬ್ಬಿಯಲ್ಲಿ ಬರುವ ಎಷ್ಟೋ ಪುಡಿಗಳಲ್ಲಿ ಇರುವುದು ಇದೇ ಎಲೆ. ಲೇಬಲ್ ಓದಿ.

ಇಸಬಗೋಲು ಬೇರೆ. ಅದು ಬೀಜದ ಹೊಟ್ಟು, ನೀರು ಹೀರಿ ಉಬ್ಬುತ್ತದೆ, ಮಲವನ್ನು ಮೆತ್ತಗೆ ಮಾಡುತ್ತದೆ. ಗುಜರಾತಿನಿಂದ ಬರುವ ಮಾಲು ಅದು. ಒಂದು ಚಮಚಕ್ಕೆ ತುಂಬಿದ ಒಂದು ಲೋಟ ನೀರು ಬೇಕೇ ಬೇಕು. ನೀರಿಲ್ಲದೆ ಬುಕ್ಕಿದರೆ ಗಂಟಲಲ್ಲೇ ಸಿಕ್ಕಿಕೊಳ್ಳಬಹುದು.

ಜೋಳದ ರೊಟ್ಟಿ ಜಡ, ಅನ್ನ ಹಗುರ ಅಂತಾರೆ. ಕರುಳಿಗೆ ಯಾವುದು ಒಳ್ಳೆಯದು?

ಡೋಣಿ ಹೊಳೆ ದಂಡೆಯ ಬಿಳಿಜೋಳ ತಿಂದು ಬೆಳೆದವರ ಮುಂದೆ ನಾನು ರೊಟ್ಟಿಯ ಗುಣಗಾನ ಮಾಡಬೇಕಾಗಿಲ್ಲ. ಆದರೂ ಲೆಕ್ಕ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಸಜ್ಜೆಯಲ್ಲಿ 11ಕ್ಕೂ ಮೇಲೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ, ಮೈದಾದಲ್ಲಿ 3 ಗ್ರಾಮೂ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಹಿಡಿದರೂ ನಾಲ್ಕು ರೊಟ್ಟಿಗೆ 20 ಗ್ರಾಂ ಬಂತು. ಮೇಲೆ ಮಡಕಿಕಾಳು ಪಲ್ಯ, ಹತ್ತರಕಿ ಇಲ್ಲವೇ ಪುಂಡಿಪಲ್ಯ, ಅಗಸಿ ಚಟ್ನಿ, ನಂಜಿಕೊಳ್ಳಲು ಸವತಿಕಾಯಿ, ಹಸಿ ಮೆಂತ್ಯೆ. ಕರುಳು ಇನ್ನೇನು ಕೇಳೀತು?

ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಹಳ್ಳಿಯ ಜನ ನಾರು ತುಂಬಿದ ಊಟ ಮಾಡುತ್ತಿದ್ದರು, ಅವರಲ್ಲಿ ದೊಡ್ಡ ಕರುಳಿನ ಕಾಯಿಲೆ ಕಡಿಮೆ ಇತ್ತು. 1970ರ ದಶಕದಲ್ಲಿ ಅವರು ಇದನ್ನು ಜಗತ್ತಿಗೆಲ್ಲ ಸಾರಿ ಹೇಳಿದರು. ಅವರ ಎಲ್ಲ ಮಾತೂ ಹಾಗೇ ನಿಂತಿಲ್ಲ. ಆದರೆ ಸಿಪ್ಪೆ ಸಮೇತ ಧಾನ್ಯ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಕಡಿಮೆ ಅನ್ನುವುದು ಆಮೇಲಿನ ದೊಡ್ಡ ಅಧ್ಯಯನಗಳಲ್ಲೂ ಕಂಡಿದೆ.

ನನ್ನ ಬೇಸರ ಬೇರೆ. ರೊಟ್ಟಿ ಬಡಿಯುವವರು ಮನೆಯಲ್ಲಿ ಕಡಿಮೆಯಾಗಿದ್ದಾರೆ. ಹುಡುಗರು ಬೆಳಿಗ್ಗೆ ಬ್ರೆಡ್, ಸಂಜೆ ಗೋಬಿ, ನೂಡಲ್ಸ್ ತಿಂದು ಮೂರನೇ ದಿನ ನನ್ನಲ್ಲಿಗೆ ಬರುತ್ತಾರೆ. ಮನೆ ಮುಂದಿನ ಖಾನಾವಳಿಯಲ್ಲಿ ಎರಡು ಖಡಕ್ ರೊಟ್ಟಿ ತಗೊಂಡರೂ ಆದೀತು.

ಒಂದು ಎಚ್ಚರಿಕೆ. ಬಹಳ ದಿನ ಅನ್ನ ಮೈದಾದ ಮೇಲೆ ಇದ್ದವರು ಒಮ್ಮೆಲೇ ರೊಟ್ಟಿ, ಕಾಳಿಗೆ ಜಿಗಿಯಬೇಡಿ. ಹೊಟ್ಟೆ ಉಬ್ಬರಿಸುತ್ತದೆ. ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ, ನೀರನ್ನೂ ಏರಿಸಿ.

ಕಾಳು ತಿಂದರೆ ಗ್ಯಾಸ್. ಮರ್ಯಾದೆ ಹೋಗುತ್ತದೆ. ಏನು ಮಾಡಲಿ?

ಕಡಲೆ, ಅಲಸಂದಿ, ಮಡಕಿಯಲ್ಲಿ ಒಂದು ಜಾತಿಯ ಸಕ್ಕರೆ ಇದೆ. ಅದನ್ನು ಒಡೆಯುವ ರಸ ನಮ್ಮ ಮೈಯಲ್ಲಿ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಉಂಡು ಅವು ಗಾಳಿ ಬಿಡುತ್ತವೆ, ಆ ಗಾಳಿಯನ್ನು ನಾವು ಬಿಡುತ್ತೇವೆ. ದಿನಕ್ಕೆ ಹತ್ತಿಪ್ಪತ್ತು ಸಲ ಎಲ್ಲರಿಗೂ ಹೋಗುತ್ತದೆ. ಹೋಗುವುದಿಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ, ಅಷ್ಟೇ. ಬಹುಪಾಲು ಗಾಳಿಗೆ ವಾಸನೆಯೇ ಇಲ್ಲ. ಗಂಧಕದ ಅಂಶ ಚೂರು ಸೇರಿದಾಗ ನಾರುತ್ತದೆ.

ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಆ ಸಕ್ಕರೆ ಬಹಳಷ್ಟು ಕಡಿಮೆಯಾಗುತ್ತದೆ. ನಮ್ಮ ಅವ್ವಂದಿರು ಮಾಡಿಕೊಂಡು ಬಂದದ್ದು ಇದನ್ನೇ. ಕುಕ್ಕರ್ ಬಂದ ಮೇಲೆ ಆತುರ ಜಾಸ್ತಿಯಾಗಿ ನೆನೆಹಾಕುವುದನ್ನು ಬಿಟ್ಟೆವು.

ಬೇಸಿಗೆಯಲ್ಲಿ ಯಾಕೆ ಹೆಚ್ಚು ಗಟ್ಟಿಯಾಗುತ್ತದೆ?

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರೆಲ್ಲ ಬೆವರಾಗಿ ಹೋಗುತ್ತದೆ. ಮೈಗೆ ನೀರು ಬೇಕಾದಾಗ ಟೇಲ್ ಎಂಡಿನ ರೈತ ಕೊನೆಯ ಹನಿಯನ್ನೂ ಹೀರುತ್ತಾನೆ. ಮಲ ಹಿಕ್ಕೆಯಾಗುತ್ತದೆ. ಎಷ್ಟು ಲೀಟರ್ ಅಂತ ಲೆಕ್ಕ ಇಡುವುದಕ್ಕಿಂತ ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕು. ನೀರು ಮಜ್ಜಿಗೆ, ಇಂಡಿ ಲಿಂಬೆಯ ಶರಬತ್ತು, ಜೋಳದ ಅಂಬಲಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಿಡ್ನಿ, ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.

ಬಂದದ್ದನ್ನು ತಡೆದು ಹಿಡಿದರೆ ಏನಾಗುತ್ತದೆ?

ಗುದನಾಳ ತುಂಬಿದಾಗ "ಹೋಗೋಣ" ಅನ್ನುವ ಸೂಚನೆ ಬರುತ್ತದೆ. ತಡೆದರೆ ಸೂಚನೆ ಹಿಂದೆ ಸರಿಯುತ್ತದೆ, ಮಲ ಅಲ್ಲೇ ಕೂತು ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ತಡೆದರೆ ಸೂಚನೆಯೇ ಮಂದವಾಗುತ್ತದೆ.

ಕಬ್ಬಿನ ಸೀಸನ್ನಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳು ಬಂದು ಮೂಲವ್ಯಾಧಿಯ ಮುಲಾಮು ಕೇಳುತ್ತಾರೆ. ಹೊಲದ ಅಂಚಿನ ಜೋಪಡಿಯಲ್ಲಿ ವಾಸ. ಸೂರ್ಯ ಹುಟ್ಟುವ ಮೊದಲು ಇಲ್ಲವೇ ಕತ್ತಲಾದ ಮೇಲೆ ಚರಿಗೆ ಹಿಡಿಯಬೇಕು. ನಡುವೆ ಹನ್ನೆರಡು ತಾಸು ತಡೆಯಬೇಕು. ತಡೆಯಬೇಕಾಗುತ್ತದೆ ಅಂತ ನೀರನ್ನೂ ಕುಡಿಯುವುದಿಲ್ಲ. ಅವರಿಗೆ ನಾನು ನಾರಿನ ಪಾಠ ಹೇಳಿ ಏನು ಉಪಯೋಗ? ಶಾಲೆಯ ಹೆಣ್ಣುಮಕ್ಕಳ ಕಥೆಯೂ ಇದೇ. ಪಾಯಖಾನೆಗೆ ಚಿಲಕ ಇಲ್ಲ, ನೀರಿಲ್ಲ ಅಂದರೆ ಮಗು ತಡೆಯುತ್ತದೆ. ಅದಕ್ಕೆ ಔಷಧ ನನ್ನ ಅಂಗಡಿಯಲ್ಲಿ ಇಲ್ಲ.

ಕುಕ್ಕರಗಾಲಲ್ಲಿ ಕೂರುವುದು ಒಳ್ಳೆಯದಾ, ಕಮೋಡಾ?

ಕುಕ್ಕರಗಾಲು. ಗುದನಾಳದ ಸುತ್ತ ಒಂದು ಸ್ನಾಯು ಹಗ್ಗದ ಹಾಗೆ ಬಿಗಿದು ಅದನ್ನು ಡೊಂಕು ಮಾಡಿ ಹಿಡಿದಿರುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಆ ಹಗ್ಗ ಸಡಿಲವಾಗಿ ದಾರಿ ನೇರವಾಗುತ್ತದೆ. ಮೊಣಕಾಲು ನೋವಿನ ಅಜ್ಜ ಅಜ್ಜಿಯರಿಗೆ ಕಮೋಡೇ ಬೇಕು. ಅವರ ಕಾಲ ಕೆಳಗೆ ಗೇಣೆತ್ತರದ ಮಣೆ ಇಟ್ಟು ಮುಂದೆ ಬಾಗಿ ಕೂರಿಸಿ. ಮೊಬೈಲ್ ಮಾತ್ರ ಹೊರಗೆ.

ಹೊಟ್ಟೆನೋವು ಬಂದಿದೆ. ಬಟ್ಟಿ ಸರಿದಿದೆ ಅಂತಾರೆ. ತಿಕ್ಕಿಸಲಾ?

ಹೊಕ್ಕುಳ ಹತ್ತಿರ ನೋವು ಬಂದರೆ ಬಟ್ಟಿ ಸರಿದಿದೆ ಅಂತ ತಿಕ್ಕುವವರ ಹತ್ತಿರ ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಸಣ್ಣ ಗ್ಯಾಸಿನ ನೋವಾದರೆ ತಿಕ್ಕಿದಾಗ ಹಗುರ ಅನ್ನಿಸಬಹುದು. ಆದರೆ ಅಪೆಂಡಿಕ್ಸ್ ಬಾತಾಗಲೂ ನೋವು ಮೊದಲು ಶುರುವಾಗುವುದು ಹೊಕ್ಕುಳ ಸುತ್ತ. ಆರೇಳು ತಾಸಿನಲ್ಲಿ ಬಲಗಡೆ ಕೆಳಗೆ ಇಳಿಯುತ್ತದೆ. ಊಟ ಬೇಡ ಅನ್ನಿಸುತ್ತದೆ, ವಾಂತಿ, ಜ್ವರ ಬರಬಹುದು. ಅಂಥ ಹೊಟ್ಟೆಯನ್ನು ತಿಕ್ಕಿದರೆ, ಜುಲಾಬು ಕೊಟ್ಟರೆ ಅದು ಒಡೆಯುವ ಅಪಾಯ ಇದೆ. ಕೆಮ್ಮಿದರೂ ಬಲಗಡೆ ಚುಚ್ಚುತ್ತಿದ್ದರೆ ನೆಟ್ಟಗೆ ಆಸ್ಪತ್ರೆಗೆ ನಡೆಯಿರಿ.

ಇನ್ನೊಂದು, ವಯಸ್ಸಾದವರಲ್ಲಿ ದೊಡ್ಡ ಕರುಳಿನ ಎಡಗಡೆಯ ಡೊಂಕು ಭಾಗ ಹಗ್ಗದಂತೆ ತಿರುಚಿಕೊಳ್ಳುವುದುಂಟು. ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತದೆ, ಮಲವೂ ಇಲ್ಲ, ಗಾಳಿಯೂ ಇಲ್ಲ. ಆಗ ಬೆಳಗಾಗಲಿ ಅಂತ ಕಾಯಬಾರದು.

ಖಾರ ತಿಂದರೆ ಮೂಲವ್ಯಾಧಿ ಬರುತ್ತದಾ?

ಕೆಂಪು ಮೆಣಸಿನಕಾಯಿಯ ರಂಜಕ ಬಿಡಿ ಅಂದರೆ ನಮ್ಮ ಜನ ಡಾಕ್ಟರನ್ನೇ ಬಿಡುತ್ತಾರೆ. ಮೂಲವ್ಯಾಧಿ ಬರುವುದು ತಿಣುಕುವುದರಿಂದ, ಬಹಳ ಹೊತ್ತು ಕೂರುವುದರಿಂದ, ಬಸಿರಿನಲ್ಲಿ ಒತ್ತಡ ಬೀಳುವುದರಿಂದ. ಮೆಣಸಿನಕಾಯಿ ಅದನ್ನು ಹುಟ್ಟಿಸುವುದಿಲ್ಲ. ಆದರೆ ನಾಲಿಗೆಗೆ ಉರಿ ಗೊತ್ತಾಗುವಂಥ ನರಗಳು ಕೆಳಗಿನ ಬಾಗಿಲಲ್ಲೂ ಇವೆ. ಅಲ್ಲಿ ಸೀಳು ಇದ್ದಾಗ ಖಾರ ತಿಂದರೆ ಮರುದಿನ ಬೆಂಕಿ. ಸೀಳು ಮಾಯುವ ತನಕ ಕಡಿಮೆ ಮಾಡಿ. ಮೊಣಕಾಲಗಂಟಿನ ಮಟ್ಟಿಗೆ ಬೇಡ, ಸೊಂಟ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂತರೆ ಆರಾಮ ಸಿಗುತ್ತದೆ.

ರಕ್ತ ಬಿದ್ದರೆ ಮೂಲವ್ಯಾಧಿಯೇ ತಾನೇ?

ಈ ಪ್ರಶ್ನೆಗೆ ಉತ್ತರ ಬರೆಯುವುದು ನನಗೆ ಕಷ್ಟ.

ನನ್ನ ಕಾಕಾ ಜಮಖಂಡಿ ಕಡೆ ಕಬ್ಬು ಬೆಳೆಯುವವ. ಅರವತ್ತೆರಡು ವಯಸ್ಸು. ಒಂದು ದಿನ ಅಂಗಡಿಗೆ ಬಂದು "ಮೂಲವ್ಯಾಧಿ ಆಗೈತಿ, ಏನರ ಹಚ್ಚಾಕ ಕೊಡೋ" ಅಂದ. ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಬಂದ, ಮತ್ತೆ ಕೊಟ್ಟೆ. ಎಂಟು ತಿಂಗಳಲ್ಲಿ ಮೂರು ಟ್ಯೂಬು ಆದವು. ನಾನು ಒಮ್ಮೆಯೂ "ರಕ್ತದ ಬಣ್ಣ ಎಂಥದ್ದು, ತೂಕ ಇಳಿದಿದೆಯಾ" ಅಂತ ಕೇಳಲಿಲ್ಲ. ಹಬ್ಬಕ್ಕೆ ಹೋದಾಗ ಅವನ ಮುಖ ಬಿಳಿಚಿತ್ತು, ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಹಿಮೋಗ್ಲೋಬಿನ್ 7, ಬಹಳ ಕಡಿಮೆ. ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆ ಇಳಿಸಿ ಕರುಳು ನೋಡುವ ಪರೀಕ್ಷೆ, ಮಾಡಿದಾಗ ದೊಡ್ಡ ಕರುಳಿನ ಎಡಗಡೆ ಗಡ್ಡೆ ಕಂಡಿತು. ಮೂಲವ್ಯಾಧಿಯೂ ಇತ್ತು. ಎರಡೂ ಒಟ್ಟಿಗೇ ಇರಬಹುದು ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಕೆಂಪು ರಕ್ತ ಮಲದ ಮೇಲೆ ಹನಿ ಹನಿಯಾಗಿ ಬಿದ್ದರೆ ಬಹಳ ಸಲ ಅದು ಮೂಲವ್ಯಾಧಿಯೇ ಇಲ್ಲವೇ ಸೀಳು. ಆದರೂ ಅದನ್ನು ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು. ನೀವಲ್ಲ, ನಾನೂ ಅಲ್ಲ. ರಕ್ತ ಮಲದಲ್ಲಿ ಕಲೆತು ಬಂದರೆ, ತಾರಿನಂತೆ ಕಪ್ಪಾಗಿ ಬಂದರೆ, ಲೋಳೆ ಬಂದರೆ, ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿ ಭೇದಿಯಾದರೆ, ಗಂಡಸರಿಗೆ ಇಲ್ಲವೇ ಮುಟ್ಟು ನಿಂತ ಹೆಂಗಸರಿಗೆ ರಕ್ತ ಕಡಿಮೆಯಾದರೆ, ಮುಲಾಮಿಗೆ ನನ್ನ ಹತ್ತಿರ ಬರಬೇಡಿ. ಕಬ್ಬಿಣದ ಗುಳಿಗೆ ತಗೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದವರಿಗೆ ಕೆಂಪಾಗುತ್ತದೆ. ಅದಕ್ಕೆ ಗಾಬರಿ ಬೇಡ.

ಈ ಗಡ್ಡೆ ಒಮ್ಮೆಲೇ ಬರುತ್ತದಾ?

ಇಲ್ಲ. ಬಹುತೇಕ ಒಳಪದರದ ಮೇಲೆ ಅಣಬೆಯಂಥ ಸಣ್ಣ ಗುಳ್ಳೆಯಾಗಿ ಶುರುವಾಗುತ್ತದೆ. ಪಾಲಿಪ್ ಅನ್ನುತ್ತಾರೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದೂ ಇಲ್ಲ. ಅಷ್ಟರೊಳಗೆ ಸಿಕ್ಕರೆ ತೆಗೆದು ಬಿಸಾಡಬಹುದು. ಅಮೆರಿಕದಲ್ಲಿ 2021ರಿಂದ 45 ದಾಟಿದ ಎಲ್ಲರಿಗೂ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನಮ್ಮಲ್ಲಿ ಈ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ. ಸರ್ಕಾರದ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಮಾತ್ರ. ಆದರೆ ಅಪ್ಪ, ಅವ್ವ, ಒಡಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ನಲವತ್ತಕ್ಕೇ ಡಾಕ್ಟರನ್ನು ಕೇಳಿ. ಬೀಡಿ, ಸಿಗರೇಟು, ಸೆರೆ, ಕೂತಲ್ಲೇ ಕೂರುವ ಕೆಲಸ, ಬೊಜ್ಜು, ಇವು ಅಪಾಯ ಏರಿಸುತ್ತವೆ.

ಕೊಲೊನೊಸ್ಕೋಪಿ ಅಂದರೆ ಹೆದರಿಕೆ. ಬಹಳ ನೋಯುತ್ತದಾ?

ಕಾಕಾನ ಮಾತಿನಲ್ಲೇ ಹೇಳುತ್ತೇನೆ: "ಪರೀಕ್ಷಾಕ್ಕಿಂತ ಹಿಂದಿನ ರಾತ್ರೀನ ದೊಡ್ಡದು." ಹಿಂದಿನ ದಿನ ನಾರಿಲ್ಲದ ಹಗುರ ಊಟ. ಆಮೇಲೆ ಎರಡು ಲೀಟರ್, ಕೆಲವೆಡೆ ಇನ್ನೂ ಜಾಸ್ತಿ, ಉಪ್ಪುಪ್ಪು ಔಷಧದ ನೀರು ಕುಡಿಯಬೇಕು. ತಿಳಿನೀರು ಬರುವವರೆಗೆ ಸಂಡಾಸಿಗೆ ಓಡಾಟ. ಪರೀಕ್ಷೆಯ ಹೊತ್ತಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಬೆರಳಿನಷ್ಟು ದಪ್ಪದ, ತುದಿಗೆ ಕ್ಯಾಮೆರಾ ಇರುವ ಬಾಗುವ ಕೊಳವೆ ಒಳಗೆ ಹೋಗುತ್ತದೆ. ಅರ್ಧ ತಾಸು. ಪಾಲಿಪ್ ಕಂಡರೆ ಅಲ್ಲೇ ಕತ್ತರಿಸುತ್ತಾರೆ, ಅದು ನೋಯುವುದಿಲ್ಲ. ರಕ್ತ ತೆಳು ಮಾಡುವ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧ ತಗೊಳ್ಳುವವರು ಮೊದಲೇ ಹೇಳಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ವಿಚಾರಿಸಿ. ಹೋಗುವಾಗ ಆಯುಷ್ಮಾನ್ ಕಾರ್ಡ್ ಮರೆಯಬೇಡಿ.

ಭೇದಿ ಹತ್ತಿದಾಗ ನಿಲ್ಲಿಸುವ ಗುಳಿಗೆ ತಗೊಳ್ಳಲಾ?

ಮೊದಲು ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ತಲೆಮಟ್ಟ ಇರಲಿ, ಗುಡ್ಡೆ ಬೇಡ. ಚಿಕ್ಕ ಮಕ್ಕಳಿಗೆ ನಿಲ್ಲಿಸುವ ಗುಳಿಗೆ ಕೊಡಲೇಬಾರದು. ರಕ್ತ, ಜ್ವರ ಇದ್ದರೆ ದೊಡ್ಡವರೂ ತಗೊಳ್ಳಬಾರದು. ಮಕ್ಕಳಿಗೆ ಡಾಕ್ಟರ್ ಬರೆದ ಝಿಂಕ್ ಭೇದಿ ನಿಂತರೂ ಬಿಡದೆ ಒಟ್ಟು 14 ದಿನ ಪೂರ್ತಿ ಕೊಡಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ ಆಸ್ಪತ್ರೆ.

ಆಂಟಿಬಯಾಟಿಕ್ ತಗೊಂಡ ಮೇಲೆ ಹೊಟ್ಟೆ ಕೆಟ್ಟಿತು.

ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಕರುಳಿನ ಒಳ್ಳೆಯವೂ ಸತ್ತಿವೆ. ಬಹಳ ಸಲ ಕೋರ್ಸ್ ಮುಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಜ್ವರ, ರಕ್ತ ಬಂದರೆ ತಡಮಾಡಬೇಡಿ. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಿದರೆ ನಾನು ಕೊಡುವುದಿಲ್ಲ. ಎದುರಿನ ಅಂಗಡಿಗೆ ಹೋಗುತ್ತೇನೆ ಅಂತ ಹೆದರಿಸುತ್ತಾರೆ. ಹೋಗಲಿ.

ದೊಡ್ಡ ಕರುಳು ತೆಗೆದುಬಿಟ್ಟರೆ ಮನುಷ್ಯ ಬದುಕುತ್ತಾನಾ?

ಬದುಕುತ್ತಾನೆ. ಪೂರ್ತಿ ತೆಗೆದರೂ ಸಣ್ಣ ಕರುಳಿನಿಂದ ಊಟದ ಸಾರ ಸಿಗುತ್ತದೆ. ಮಲ ತೆಳ್ಳಗಾಗುತ್ತದೆ, ನೀರು ಉಪ್ಪು ಜಾಸ್ತಿ ಬೇಕಾಗುತ್ತದೆ. ಅರ್ಧ ತೆಗೆದರೆ ಉಳಿದ ಅರ್ಧ ನಿಧಾನಕ್ಕೆ ಕೆಲಸ ಕಲಿತುಕೊಳ್ಳುತ್ತದೆ. ಕೆಲವರಿಗೆ ಸ್ವಲ್ಪ ದಿನ, ಕೆಲವರಿಗೆ ಕಾಯಂ ಆಗಿ ಹೊಟ್ಟೆಯ ಮೇಲೆ ಮಲ ತುಂಬಿಕೊಳ್ಳುವ ಚೀಲ ಇರುತ್ತದೆ.

ಕಾಕಾನಿಗೆ ನಾಲ್ಕು ತಿಂಗಳು ಚೀಲ ಇತ್ತು. ಮೊದಲ ಎರಡು ವಾರ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಧೋತರದ ಒಳಗೆ ಸಿಕ್ಕಿಸಿಕೊಂಡು ಕಬ್ಬಿನ ತೂಕ ಮಾಡಿಸಲು ಫ್ಯಾಕ್ಟರಿಗೂ ಹೋಗಿಬಂದ. ಚೀಲ ತೆಗೆದು ಈಗ ಎರಡು ವರ್ಷ. ಮೊನ್ನೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದಿದ್ದ. ಚರಗ ಚೆಲ್ಲಿ ಬಂದು ಬೇವಿನ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಬುಟ್ಟಿ ಮುಂದೆ ಬಂದಾಗ ನನ್ನ ಕಡೆ ತಿರುಗಿದ. "ಎಷ್ಟ್ ತಿನ್ಲೋ, ಡಾಕ್ಟ್ರ?" ಅಂತ ಕೆಣಕಿದ. ಎರಡು ಅಂದೆ. ಮೂರು ತಿಂದ.